ನಿಲ್ಲುವ ಕೆಲಸ

ಬಯೋಡಾಟಾದ ಹಾಳೆಯನ್ನು ಬೋರಲು ಹಾಕುವಷ್ಟರಲ್ಲಿ ಮೇಲಿಟ್ಟಿದ್ದ ಬಿಳಿ ಕಾಗದದ ಪಟ್ಟಿ ಮತ್ತೆ ಜಾರಿ ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಸೊಟ್ಟಗೆ ಬಿತ್ತು. ಆನಂದಕುಮಾರ ಅದನ್ನು ಉಗುರಿನಿಂದ ಎತ್ತಿ, ನಾಲಿಗೆಯ ತುದಿಗೆ ತಾಗಿಸಿ ಹಸಿ ಮಾಡಿ, ತನ್ನ ಹೆಸರಿನ ಕೆಳಗಿನ ಎರಡು ಸಾಲುಗಳ ಮೇಲೆ ಒತ್ತಿದ. “ಗೋಂದು ಕೊಡ್ಲೇನ್ರಿ ಸರ್?” ಎಂದ ಕರೀಂಸಾಬ್. ಬ್ಯಾಡ, ಮೂಲ ಪ್ರತಿ ಕೆಡ್ತದ, ಎಂದ ಇವನು. “ಹಂಗಾದ್ರ ಆ ಎರಡು ಸಾಲು ಬಿಟ್ಟು ಹೊಸಾದ ಟೈಪ್ ಹೊಡೀತೇನಿ. ಐದು ಮಿನಿಟಿನ ಕೆಲಸ.” ಅದೂ ಬೇಡವೆಂದ. ಹೊಸದಾಗಿ ಬರೆಸಿದರೆ ಅದು ಸುಳ್ಳಾಗುತ್ತದೆ, ಇದಾದರೆ ಬರೀ ಮುಚ್ಚಿದ್ದು ಎಂದು ರಾತ್ರಿ ಹಾಸಿಗೆಯಲ್ಲಿ ತನಗೆ ತಾನೇ ಹೇಳಿಕೊಂಡಿದ್ದ. ಹಗಲಿನಲ್ಲಿ ಆ ವ್ಯತ್ಯಾಸ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಹಸಿರು ಬೆಳಕು ಗಾಜಿನ ಕೆಳಗೆ ಒಂದು ಸಲ ಹರಿದು ಹೋಯಿತು. ಹೊರಬಂದ ಹಾಳೆಯಲ್ಲಿ ಪಿಎಚ್.ಡಿ. ಇರಲಿಲ್ಲ, ಉಪಪ್ರಾಂಶುಪಾಲನಾಗಿದ್ದ ಹದಿನಾಲ್ಕು ವರ್ಷ ಇರಲಿಲ್ಲ. ಅವು ಇದ್ದ ಜಾಗದ ಸುತ್ತ ಕೂದಲೆಳೆಯಷ್ಟು ತೆಳ್ಳನೆಯ ಬೂದು ಗೆರೆ ಮೂಡಿತ್ತು. ಕರೀಂಸಾಬ್ ಅದನ್ನು ಬೆಳಕಿಗೆ ಹಿಡಿದು ನೋಡಿ, “ಮಂದಿ ಇಲ್ಲದ್ದು ಬರಸ್ಲಿಕ್ಕ ಬರ್ತಾರ್ರೀ ನನ್ನ ಹತ್ರ, ಇದ್ದದ್ದು ಅಳಸ್ಲಿಕ್ಕ ನೀವೇ ಮೊದಲಿಗರು” ಎಂದು ನಕ್ಕು, ಒಂದು ಪ್ರತಿಗೆ ರೊಕ್ಕ ಬೇಡವೆಂದ.

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಿಸಿಲು ಆಗಲೇ ಏರಿತ್ತು. ಆ ಹಾಳೆಯನ್ನು ಮಡಚಬಾರದೆಂದು ಎದೆಗೆ ಹಿಡಿದುಕೊಂಡು ಕುಳಿತ ತಾನು ನೋಡುವವರಿಗೆ ಎಕ್ಸ್-ರೇ ಹಿಡಿದುಕೊಂಡು ದವಾಖಾನೆಗೆ ಹೊರಟವನಂತೆ ಕಾಣಬಹುದು ಅನ್ನಿಸಿತು. ಆ ಎರಡು ಸಾಲು ಅವನೊಬ್ಬನದಾಗಿರಲಿಲ್ಲ, ಅದೇ ತೊಂದರೆ. ಅಪ್ಪ ಮಹಾದೇವಪ್ಪ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೊತ್ತಿದ್ದ. ಅವನ ಎಡ ಭುಜ ಸಾಯುವ ತನಕ ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ಪದವಿ ಬಂದ ವಾರ ಓಣಿಯ ಬುದ್ಧವಿಹಾರದಲ್ಲಿ ಜನ ಸೇರಿ ಶಾಲು ಹೊದಿಸಿದ್ದರು. ಅವ್ವ ಸಾವಿತ್ರಿಬಾಯಿ ಆವತ್ತಿನಿಂದ ಮಗನ ಹೆಸರು ಹೇಳುವುದನ್ನೇ ಬಿಟ್ಟು, “ನಮ್ಮ ಡಾಕ್ಟರ್ ಉಂಡಾನೇನು?” ಎಂದು ಸೊಸೆಯನ್ನು ಕೇಳುತ್ತಿದ್ದಳು. ಓಣಿಯವರಿಗೆ ಔಷಧದ ಡಾಕ್ಟರ್ ಬೇರೆ, ಔಷಧಶಾಸ್ತ್ರದಲ್ಲಿ ಡಾಕ್ಟರೇಟ್ ಬೇರೆ ಎಂಬುದು ಇವತ್ತಿಗೂ ತಿಳಿದಿಲ್ಲ. ಕೆಮ್ಮು, ಕಜ್ಜಿ ಎಂದು ಬಾಗಿಲಿಗೆ ಬರುತ್ತಾರೆ. ಅವರೆಲ್ಲರನ್ನೂ ನಾಲಿಗೆಯ ಎಂಜಲಲ್ಲಿ ನೆನೆದ ಅರ್ಧ ಇಂಚಿನ ಕಾಗದದ ಕೆಳಗೆ ಮಲಗಿಸಿ ಬಂದಂತಿತ್ತು. ಬೆಳಿಗ್ಗೆ ಹೆಂಡತಿ ಯಶೋಧರಾ ಬುತ್ತಿ ಕಟ್ಟಿಕೊಡುತ್ತ ಮುಖ ನೋಡದೆ ಹೇಳಿದ್ದಳು: “ಏನ್ ಕೆಲಸ ಕೊಟ್ರೂ ಹೂಂ ಅನ್ರಿ. ಪಾಠ ಮಾಡಬ್ಯಾಡ್ರಿ.” ಅವಳ ಅಂಗನವಾಡಿಯ ಸಂಬಳದಲ್ಲಿ ಹನ್ನೊಂದು ತಿಂಗಳಿಂದ ಮನೆ ನಡೆದಿತ್ತು. ಆದರೆ ಅವಳಿಗೆ ಸಾಕಾದದ್ದು ಅದಲ್ಲ. ಹಗಲು ಹನ್ನೊಂದಕ್ಕೆ ಬನಿಯನ್ನಿನಲ್ಲಿ ಕುಳಿತ ಗಂಡ ಖಾಲಿ ಕೋಣೆಗೆ ವಿವರಿಸುವಂತೆ ಕೈ ಆಡಿಸುವುದನ್ನು ಒಂದು ದಿನ ಕಿಟಕಿಯಿಂದ ಅವಳು ನೋಡಿದ್ದಳು. ಅವಳು ನೋಡಿದ್ದನ್ನು ಅವನೂ ನೋಡಿದ್ದ. ಇಬ್ಬರೂ ಆ ಮಾತು ಎತ್ತಿರಲಿಲ್ಲ.

ತಾನು ಕಲಿಸುತ್ತಿದ್ದ ಫಾರ್ಮಸಿ ಕಾಲೇಜು ಮುಚ್ಚಿದ ಮೇಲೆ ಬೇರೆ ಕಾಲೇಜುಗಳಿಗೆ ಹೋಗಬಹುದಿತ್ತು. ಒಂದೆರಡು ಕಡೆ ಹೋಗಿಯೂ ಇದ್ದ. ಮತ್ತೆ ಅದೇ ಕುರ್ಚಿ, ಅದೇ ಹಾಜರಿ ಪುಸ್ತಕ, ಆಡಳಿತ ಮಂಡಳಿಯವರು ಬಂದಾಗ ಎದ್ದು ನಿಲ್ಲುವಾಗಿನ ಅದೇ ಮಂಡಿನೋವು. ಬೇಡವಾಗಿತ್ತು. ಔಷಧವನ್ನು ರೋಗಿಯ ಕೈಗೆ ಹೇಗೆ ಕೊಡಬೇಕೆಂದು ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದ ಆನಂದಕುಮಾರ, ಒಬ್ಬ ರೋಗಿಯ ಕೈಗೂ ಒಂದು ಗುಳಿಗೆಯನ್ನೂ ಕೊಟ್ಟಿರಲಿಲ್ಲ. ಈಗ ಬೇಕೆನ್ನಿಸಿದ್ದು ಅದೊಂದೇ: ಒಂದು ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವುದು, ಕೇಳಿದ್ದನ್ನು ತೆಗೆದುಕೊಡುವುದು, ರಾತ್ರಿ ಶಟರ್ ಎಳೆದು ಮನೆಗೆ ಹೋಗುವುದು. ಆದರೆ ಕಲಬುರಗಿಯ ಯಾವ ಮೆಡಿಕಲ್ ಅಂಗಡಿಯ ಮೆಟ್ಟಿಲು ಹತ್ತಿದರೂ ಒಳಗೆ ಕುಳಿತವನು ಎದ್ದು ನಿಲ್ಲುತ್ತಿದ್ದ. ಊರ ತುಂಬ ಶಿಷ್ಯರು. ರೋಜಾ ಬಡಾವಣೆಯ ಅಂಗಡಿಯ ಅಬ್ರಾರ್ ಗಿರಾಕಿಗಳನ್ನು ಬಿಟ್ಟು ಕುರ್ಚಿ ಒರೆಸಿ, ಚಹಾ ತರಿಸಿ, ಇವನ ಮಾತು ಕೇಳುತ್ತ ಕೇಳುತ್ತ ಮುಖ ಸಣ್ಣದು ಮಾಡಿಕೊಂಡಿದ್ದ. “ಸರ್, ನಾಳಿ ನಾ ನಿಮ್ಗ ‘ಆ ಡಬ್ಬಿ ಈ ಕಡಿ ಕೊಡ್ರಿ’ ಅಂತ ಹೆಂಗ ಅನ್ಲಿ? ಪ್ರಾಕ್ಟಿಕಲ್‌ನ್ಯಾಗ ನೀವು ನನ್ನ ಫೇಲ್ ಮಾಡಿದ್ದು ಖರೆ ಅದ. ಹಂಗಂತ ಇಷ್ಟು ದೊಡ್ಡ ಸೇಡು ತೀರಿಸ್ಕೊಳ್ಳಾಂವಲ್ರಿ ನಾನು.” ಇಬ್ಬರೂ ನಕ್ಕಿದ್ದರು. ಅಬ್ರಾರ್ ಚಹಾದ ಬಟ್ಟಲನ್ನು ಎರಡೂ ಕೈಯಿಂದ ಎತ್ತಿಕೊಟ್ಟ ರೀತಿಯಲ್ಲಿ, ಇನ್ನು ಬರಬೇಡಿ ಸರ್, ಎಂಬುದಿತ್ತು. ಮತ್ತೊಂದು ಅಂಗಡಿಯಲ್ಲಿ, ನೀವು ಎಂಟು ದಿನದಾಗ ಬಿಟ್ಟು ಹೋಗ್ತೀರಿ ಎಂದರು. ಇನ್ನೊಂದರಲ್ಲಿ, ನಿಮ್ಮ ಮುಂದ ನಮ್ಮ ಹುಡುಗ್ರು ಬಾಯಿ ಬಿಡಂಗಿಲ್ಲ ಎಂದರು. ಬೈದು ಕಳಿಸಿದ್ದರೆ ಮನೆಗೆ ಹೋಗಿ ಉಣ್ಣಬಹುದಿತ್ತು. ಎಲ್ಲರೂ ಬೀದಿಯ ತನಕ ಬಂದು ಕೈ ಮುಗಿದು ಕಳಿಸಿದರು.

ಬಸ್ಸು ಮಹಾಗಾಂವ ಕ್ರಾಸ್ ದಾಟಿತು. ಕರಿ ಹೊಲಗಳಲ್ಲಿ ತೊಗರಿ ಕೊಯ್ದ ಕೂಳೆಗಳು ನಿಂತಿದ್ದವು. ಕಮಲಾಪುರದಲ್ಲಿ ತನಗೆ ಪರಿಚಯದವರು ಯಾರೂ ಇಲ್ಲವೆಂಬುದನ್ನು ಅವನು ಮತ್ತೊಮ್ಮೆ, ಜೇಬಿನಲ್ಲಿ ಕೀಲಿ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವವನಂತೆ, ಮನಸ್ಸಿನಲ್ಲಿ ಮುಟ್ಟಿ ನೋಡಿಕೊಂಡ.

ಅಂಗಡಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಕೆಂಪು ಬಾಳೆಯ ಗೊನೆ ತೂಗುಹಾಕಿದ್ದ ಎರಡು ಗೂಡಂಗಡಿಗಳ ನಡುವೆ ಇತ್ತು. ಮಾಲಕ ಸಾಯಬಣ್ಣ ಐವತ್ತೈದರ ಗಿಡ್ಡ ಮನುಷ್ಯ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡೇ ಇದ್ದ, ಓದುವಾಗಲೂ ಇಳಿಸಲಿಲ್ಲ. ಹಾಳೆಯನ್ನು ದೂರಕ್ಕೆ ಹಿಡಿದು, “ಬಿ.ಫಾರ್ಮ್ ಆಗ್ಯಾದ. ರಿಜಿಸ್ಟ್ರೇಷನ್ ನಂಬರ್ ಅದ. ವಯಸ್ಸು ನಲವತ್ತೆಂಟು. ಇಷ್ಟು ದಿನ ಏನ್ ಮಾಡ್ತಿದ್ರಿ?” ಎಂದ. ಖಾಸಗಿ ಕೆಲಸ, ಎಂದ ಆನಂದಕುಮಾರ. “ಇಲ್ಲೇನೋ ಚೌಕ ಗೆರಿ ಬಂದದಲ್ರಿ?” ಝೆರಾಕ್ಸ್ ಮಷೀನಿಂದು, ಎಂದ ಇವನು. ಸಾಯಬಣ್ಣ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಹತ್ತು ಸಾವಿರಕ್ಕೆ ಬರುತ್ತೇನೆ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟು, ಎಂದು ಇವನೇ ಹೇಳಿದ. ದನಿ ಬೇಡುವವನದಾಗದಂತೆ ನೋಡಿಕೊಂಡದ್ದರಿಂದ ಅದು ಆಜ್ಞೆಯಂತೆ ಬಂತು. ಸಾಯಬಣ್ಣ ಅವನ ಕಾಲಿನ ಕಡೆ ನೋಡಿದ. “ನಿಂದ್ರಬೇಕಾಗತದ್ರಿ. ಕುಂದ್ರೂ ಕೆಲಸಲ್ಲ ಇದು.” ನಿಂದ್ರತೇನಿ, ಎಂದ ಇವನು. “ಛಲೋ ಆತು. ಕಲಬುರಗಿಯಿಂದ ಮಾಲಿನ ಪೆಟ್ಟಿಗಿ ಬಸ್ಸಿಗೆ ಹಾಕ್ಯಾರ, ಹೋಗಿ ಇಳಿಸ್ಕೊಂಡು ಬರ್ತೇನಿ. ಅಲ್ಲೀತನಕ ನಿಂತು ತೋರಸ್ರಿ.”

ಹೀಗೆ ಅವನು ನಿಂತ. ಕೌಂಟರಿನ ಗಾಜು ಸೊಂಟದೆತ್ತರಕ್ಕಿತ್ತು, ತಣ್ಣಗಿತ್ತು. ಬೀದಿ ಈ ಕಡೆಯಿಂದ ಬೇರೆ ಬೀದಿಯಾಗಿ ಕಂಡಿತು. ಎಲ್ಲರೂ ತನ್ನ ಕಡೆಗೇ ಬರುತ್ತಿರುವವರಂತೆ, ಬರದೆ ಮುಂದೆ ಹೋದವರು ಏನನ್ನೋ ಮರೆತವರಂತೆ. ಮೊದಲು ಬಂದವನೊಬ್ಬ ಆಟೋದಿಂದ ಇಳಿಯದೆಯೇ, “ಆ ಕೆಂಪ ಗುಳಿಗಿ ಎರಡು ಒಗೀರಿ ಅಣ್ಣಾ, ಮೈಕೈ ನೋವಿಂದು” ಎಂದ. ಕೆಂಪು ಎಂಬ ಹೆಸರಿನ ಔಷಧ ಇವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಯಾರು ಬರೆದುಕೊಟ್ಟದ್ದು, ಹೊಟ್ಟೆಯಲ್ಲಿ ಹುಣ್ಣು ಇದೆಯೇ, ಊಟವಾಗಿದೆಯೇ ಎಂದು ಕೇಳಿದ. “ನನಗ ಹೆಣ್ಣು ಕೊಡಾಂವ ಏನ್ಲೇ ಮಾರಾಯ, ಇಷ್ಟು ಕೇಳಾಕತ್ತೀ?” ಎಂದು ಆಟೋ ಹೊರಟೇಹೋಯಿತು. ಆಮೇಲೆ ಸಕ್ಕರೆ ಕಾಯಿಲೆಯ ಮುದುಕನೊಬ್ಬ ಬಂದ. ಇದು ಸರಿಹೋಯಿತು. ಗುಳಿಗೆಯ ಪಟ್ಟಿಯನ್ನು, ಮುಗಿಯುವ ತಾರೀಖು ಉಳಿಯುವಂತೆ ಇನ್ನೊಂದು ತುದಿಯಿಂದ ಕತ್ತರಿಸಿ, ಒಂದು ತುತ್ತು ಉಂಡು ಒಂದು ನುಂಗಿ ಅಜ್ಜಾ, ಎಂದ. ಮುದುಕ ಹೂಂಗುಟ್ಟಿದ. ಅವನ ಅಂಗೈಗೆ ಪೊಟ್ಟಣ ಇಡುವಾಗ ಬೆರಳಿಗೆ ಒಣ ಚರ್ಮ ತಾಗಿತು. ಇಷ್ಟೇ ಸಾಕಿತ್ತು, ಇದಕ್ಕಾಗಿ ಏನನ್ನು ಮುಚ್ಚಿದ್ದರೂ ತಪ್ಪಿಲ್ಲ, ಅನ್ನಿಸಿ, ಅಷ್ಟು ಬೇಗ ಸಂತೋಷಗೊಂಡದ್ದಕ್ಕೆ ತನ್ನ ಮೇಲೇ ನಾಚಿಕೆಯಾಯಿತು.

ಬುರ್ಖಾದ ಹೆಂಗಸು ಬಂದದ್ದು ಆಗ. ಹಿಂದೆ, ಮೆಟ್ಟಿಲ ಕೆಳಗೆ, ಹತ್ತೊಂಬತ್ತರ ಹುಡುಗಿಯೊಬ್ಬಳು ಬಾಳೆಗೊನೆ ನೋಡುತ್ತ ನಿಂತಿದ್ದಳು. ಹೆಂಗಸು ಕೌಂಟರಿನ ಮೇಲೆ ನಾಲ್ಕು ಮಡಿಕೆ ಮಾಡಿದ ಚೀಟಿ ಇಟ್ಟು, “ಇದು ಜರಾ ಕೊಡ್ರಿ” ಎಂದು ಬೇರೆ ಕಡೆ ನೋಡಿದಳು. ಅವಳ ಬೆನ್ನಿಗೇ ಕೂಸನ್ನು ಎತ್ತಿಕೊಂಡ ಇನ್ನೊಬ್ಬಳು ಕೆಮ್ಮಿನ ಔಷಧಕ್ಕೆ ಕಾದಿದ್ದಳು. ಆನಂದಕುಮಾರ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಿಂದ ಸಮ ಮಾಡಿ ಓದಿದ. ಅಕ್ಷರ ನೀಟಾಗಿತ್ತು, ಔಷಧ ಅವನು ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದ ಔಷಧ. ಕಪಾಟಿನ ಮೇಲಿನ ಅರೆಯಲ್ಲಿ ತಾನಾಗಿ ಕೈಗೆ ಸಿಕ್ಕಿತು. ಪೊಟ್ಟಣ ಮುಂದಿಟ್ಟು, ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದಾಗ, ಅವನ ಗಂಟಲಿನಿಂದ ಬಂದದ್ದು ಕಡೆಯ ಬೆಂಚಿನ ತನಕ ಮುಟ್ಟುವ ದನಿ. “ಸಿದ್ರಾ ಅಂದ್ರ ನಿಮ್ಮ ಮಗಳೇನ್ರಿ? ನೋಡ್ರಿ, ಮೂರ್ಛೆ ರೋಗದ ಗುಳಿಗಿ ಒಂದು ದಿನಾನೂ ತಪ್ಪಿಸಬಾರ್ದು. ಫಿಟ್ಸ್ ನಿಂತಾವಂತ ಬಿಟ್ರ ಮತ್ತ ಜೋರಾಗಿ ಬರ್ತಾವ. ಇನ್ನೊಂದು ಮುಖ್ಯ ಮಾತು. ಮದಿವಿ ಮಾಡೂಮುಂದ, ಬಸರಾಗೂಕಿಂತ ಮೊದ್ಲ ಡಾಕ್ಟರಿಗಿ ಕೇಳಬೇಕು. ಈ ಗುಳಿಗಿ ಹೊಟ್ಟ್ಯಾಗಿನ ಕೂಸಿಗಿ...” ಒಂದೊಂದು ಮಾತೂ ಸರಿಯಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಕೊಡಬೇಕಾದ ಉತ್ತರ. ಹೇಳುತ್ತಿದ್ದಂತೆ, ಕೂಸಿನ ತಾಯಿ ಕೆಮ್ಮು ಮರೆತು ಮುಂದೆ ಬಾಗಿದ್ದು, ಮೆಟ್ಟಿಲ ಕೆಳಗಿನ ಹುಡುಗಿ ಬಾಳೆಗೊನೆಯಿಂದ ಮುಖ ತಿರುಗಿಸದೆಯೇ ಮೈ ಬಿಗಿಹಿಡಿದದ್ದು ಅವನಿಗೆ ಕಂಡಿತು. ಕಂಡರೂ, ವಾಕ್ಯ ಮುಗಿಸುವ ಚಟ ಅವನನ್ನು ಎರಡು ಪದ ಮುಂದಕ್ಕೆ ಎಳೆದುಕೊಂಡು ಹೋಯಿತು.

“ಹಲೀಮಾಬೀ, ಸಿದ್ರಾಗ ಫಿಟ್ಸ್ ಬರ್ತಾವೇನವ್ವಾ? ನಮಗ ಗೊತ್ತೇ ಇಲ್ಲ ನೋಡು” ಎಂದಳು ಕೂಸಿನ ತಾಯಿ. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಹೆಚ್ಚು ಕೆಟ್ಟದ್ದಾಗಿತ್ತು. “ನಮ್ದಲ್ಲ ಇದು. ಬ್ಯಾರೆಯವರದು. ತರ್ಲಿಕ್ಕ ಹೇಳಿದ್ರು” ಎನ್ನುತ್ತ ಹಲೀಮಾ ಚೀಟಿಯನ್ನು ಕಿತ್ತುಕೊಂಡು ಮೆಟ್ಟಿಲಿಳಿದಳು. ಪೊಟ್ಟಣ ಕೌಂಟರಿನ ಮೇಲೇ ಉಳಿಯಿತು. ಆನಂದಕುಮಾರ ಅದನ್ನು ಹಿಡಿದು ಹೊರಗೆ ಓಡಿದ. ಏನೆಂದು ಕರೆಯಬೇಕು? ಹೆಸರು ಹಿಡಿದು ಕೂಗಿದರೆ ಮತ್ತೆ ಅದೇ ತಪ್ಪು. ಕೂಗದೆ ನಿಂತ. ತಾಯಿ ಮಗಳು ಆಟೋ ಹತ್ತುವಾಗ ಹುಡುಗಿ ಒಮ್ಮೆ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ. ಪರೀಕ್ಷೆಯ ಕೋಣೆಯಲ್ಲಿ ಗಡಿಯಾರವನ್ನು ನೋಡುತ್ತಾರಲ್ಲ, ಹಾಗೆ.

ಸಾಯಬಣ್ಣ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಬಂದಾಗ ಅವನು ಕೌಂಟರಿನ ಹೊರಗಡೆ, ಗಿರಾಕಿ ನಿಲ್ಲುವ ಕಡೆ ನಿಂತಿದ್ದ. ನಡೆದದ್ದನ್ನು ಹೇಳಬೇಕಾಗಿರಲಿಲ್ಲ, ಪಕ್ಕದ ಬಾಳೆಹಣ್ಣಿನವನು ಹೇಳಿಯಾಗಿತ್ತು. ಸಾಯಬಣ್ಣ ಪೆಟ್ಟಿಗೆ ಇಳಿಸಿ, ನೀರು ಕುಡಿದು, ಉಳಿದುಹೋದ ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ. “ಸಂಜಿಗಿ ನಮ್ಮ ಮನಿಯಾಕಿ ಅವರ ಕಡಿ ಹೊಂಟಾಳ, ಹಪ್ಪಳ ಕೊಡೂ ನೆವಾ ಮಾಡಿ ಕೊಟ್ಟು ಬರ್ತಾಳ. ಗುಳಿಗಿ ತಪ್ಪಂಗಿಲ್ಲ, ಬಿಡ್ರಿ.” ಆಮೇಲೆ, ಬೈಯದೆ, ಸಣ್ಣವರಿಗೆ ಹೇಳುವ ಹಾಗೆ ಹೇಳಿದ: “ಚೀಟಿ ಮಡಚಿ ಇಟ್ರ ಬಾಯಿ ತೆಗೀಬಾರ್ದ್ರಿ. ಓದಬೇಕು, ಪ್ಯಾಪರಿನ್ಯಾಗ ಸುತ್ತಬೇಕು, ಕೊಡಬೇಕು. ನಾಲ್ಕು ವರ್ಷ ಆತು, ಆ ಹೆಣ್ಮಗಳು ನಾನು ಒಂದ್ ಮಾತು ಆಡಿಲ್ಲ. ಆ ಹುಡುಗಿಗಿ ಹುಮನಾಬಾದಿನ ಕಡಿಂದ ನೋಡ್ಲಿಕ್ಕ ಬರೋರಿದ್ರು.” ಬರೋರಿದ್ರು, ಎಂದ, ಬರ್ತಾರ ಎನ್ನಲಿಲ್ಲ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟೆನೆಂದು ಬೆಳಿಗ್ಗೆ ತಾನೇ ಹೇಳಿಕೊಂಡಿದ್ದ ಮನುಷ್ಯ ಸಾಯಬಣ್ಣ. ಆನಂದಕುಮಾರ ಪಾಠ ಮಾಡುತ್ತಿದ್ದ ಪುಸ್ತಕದಲ್ಲಿ ರೋಗಿಗೆ ತಿಳಿವಳಿಕೆ ಹೇಳುವುದು ಹೇಗೆ ಎಂಬ ಅಧ್ಯಾಯ ಮೂವತ್ತು ಪುಟ ಇತ್ತು. ಮಡಿಕೆಯ ಬಗ್ಗೆ ಅಲ್ಲಿ ಒಂದು ಸಾಲೂ ಇರಲಿಲ್ಲ.

“ಕಲೀತೇನ್ರಿ” ಎಂದ ಆನಂದಕುಮಾರ. “ಇವತ್ತಿನಂಗ ಆಗಂಗಿಲ್ಲ. ಒಂದು ತಿಂಗಳು ಪಗಾರ ಕೊಡಬ್ಯಾಡ್ರಿ. ನಿಂದ್ರತೇನಿ.”

“ಕಲಿಯೋರಿಗಿ ಬೈಬೇಕಾಗತದ್ರಿ ಸರ್.” ಸರ್ ಎಂದದ್ದು ಇದೇ ಮೊದಲು. “ನಿಮ್ಗ ಹೆಂಗ ಬೈಲಿ? ಕಲಬುರಗಿ ಹೋಲ್‌ಸೇಲ್‌ದಾಂವಗ ಫೋನ್ ಮಾಡಿ, ಹಿಂಗ ಆನಂದಕುಮಾರ ಅಂತ ಒಬ್ರು ಬಂದಾರ ಅಂದೆ. ಹೆಸರು ಕೇಳಿ ಕುಂತಾಂವ ಎದ್ದು ನಿಂತ ಅನಸ್ತದ, ದನೀನ ಬದಲಾತು. ಅಂವಾ ನಿಮ್ಮ ಶಿಷ್ಯ ಅಂತ.” ಸಾಯಬಣ್ಣ ಹಾಳೆಯ ಬೂದು ಚೌಕದ ಮೇಲೆ ಬೆರಳಿಟ್ಟ. “ಮುಚ್ಚಿದ್ದು ಯಾಕ್ರೀ? ನಮ್ಮ ಮನ್ಯಾಗ ಇಂಥಾ ಒಬ್ಬ ಹುಟ್ಟಿದ್ರ ನಾ ಹಣಿಗಿ ಬರಸ್ಕೊಂಡು ತಿರುಗ್ತಿದ್ದೆ.” ಒಂದು ಸ್ಟೂಲು ಎಳೆದು ತಂದು, ತನ್ನ ಹೆಗಲ ವಸ್ತ್ರದಿಂದ ಒರೆಸಿ ಇಟ್ಟ. ಆನಂದಕುಮಾರ ಒರೆಸಿದ ಸ್ಟೂಲನ್ನು ನೋಡಿದ. ಕೂರಲಿಲ್ಲ.

“ಬ್ಯಾರೆ ಒಂದು ಮಾತದ” ಎಂದು ಸಾಯಬಣ್ಣ ಗೋಡೆಯ ಕಡೆ ಕೈ ತೋರಿಸಿದ. ಗಾಜಿನ ಚೌಕಟ್ಟಿನಲ್ಲಿ ಯಾರದೋ ಫಾರ್ಮಸಿಸ್ಟ್ ಸರ್ಟಿಫಿಕೇಟು ನೇತಾಡುತ್ತಿತ್ತು. “ಆ ಹುಡುಗ ದುಬೈಗಿ ಹೋಗ್ಯಾನ. ಸರ್ಟಿಫಿಕೇಟ್ ಮುದತಿ ಮುಗದದ. ಮುಂದಿನ ತಿಂಗಳು ಇನ್ಸ್‌ಪೆಕ್ಷನ್ ಬರ್ತದ, ಫಾರ್ಮಸಿಸ್ಟ್ ಹೆಸರಿಲ್ಲಂದ್ರ ಲೈಸೆನ್ಸ್ ಹೋಗ್ತದ. ನಿಮ್ದು ಕೊಡ್ರಿ. ಎಂಟು ಸಾವಿರ, ತಿಂಗಳಾ ತಿಂಗಳಾ ಫೋನಿಗೇ ಹಾಕ್ತೇನಿ. ನೀವು ಬರೋದೇ ಬ್ಯಾಡ. ಇನ್ಸ್‌ಪೆಕ್ಟರ್ ಬರೋ ದಿನ ಒಂದು ಫೋನ್ ಹೊಡೀತೇನಿ, ಬಿಳಿ ಕೋಟು ಹಾಕ್ಕೊಂಡು ಬಂದು ಕುಂದ್ರಿ. ಮನ್ಯಾಗ ಆರಾಮ ಇರ್ರಿ ಸರ್. ನಿಮ್ಮಂಥೋರು ನಿಂದ್ರಬಾರ್ದು.”

ಹಿಂದೊಮ್ಮೆ ಕಾಲೇಜಿನಲ್ಲಿ ಆನಂದಕುಮಾರನ ಮೇಜಿನ ಮುಂದೆ ಜಾಹೇದಾ ಹದಿನೈದು ನಿಮಿಷ ನಿಂತೇ ಇದ್ದಳು, ಕುಳಿತುಕೊಳ್ಳಿ ಎಂದು ತಾನು ಹೇಳುವ ತನಕ. ಎಂ.ಫಾರ್ಮ್ ಮುಗಿಸಿ, ಎರಡು ಹೆತ್ತು, ಒಂಬತ್ತು ವರ್ಷದ ಮೇಲೆ ಲ್ಯಾಬಿನ ಅಟೆಂಡರ್ ಕೆಲಸ ಕೇಳಿಕೊಂಡು ಬಂದವಳು. ಬಾಟಲಿ ತೊಳೆದುಕೊಂಡು ಇರುತ್ತೇನೆ ಸರ್, ಎಂದಿದ್ದಳು. ನಿಮ್ಮ ಓದಿಗೆ ಅವಮಾನ ಮಾಡಿದಂಗ ಆಗ್ತದಮ್ಮಾ, ಎಂದು ಚಹಾ ಕುಡಿಸಿ, ಬಾಗಿಲ ತನಕ ಬಂದು ಕಳಿಸಿದ್ದ. ಅವಳ ಸರ್ಟಿಫಿಕೇಟುಗಳ ಪ್ರತಿಗಳು ಮೇಜಿನ ಮೇಲೆ ಉಳಿದಿದ್ದವು. ಪರಿಶೀಲನಾ ಸಮಿತಿ ಬಂದ ವರ್ಷ ಉಪನ್ಯಾಸಕರ ಪಟ್ಟಿಯಲ್ಲಿ ಮೂರನೆಯ ಹೆಸರು ಅವಳದಾಗಿತ್ತು, ಕೆಳಗೆ ಸಹಿ ತನ್ನದು. ಆರು ತಿಂಗಳ ನಂತರ ಸೂಪರ್ ಮಾರ್ಕೆಟ್ಟಿನಲ್ಲಿ ಎದುರಾದವಳು, ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಮೆಂತ್ಯಪಲ್ಯೆಯ ಚೀಲ, ನಗುತ್ತಲೇ ಕೇಳಿದ್ದಳು: “ಸಲಾಂ ಸರ್. ನಾ ನಿಮ್ಮ ಕಾಲೇಜಿನ್ಯಾಗ ಪಾಠ ಮಾಡಾಕತ್ತೀನಂತ. ಯಾವ ಸಬ್ಜೆಕ್ಟ್ ಅಂತ ಜರಾ ಹೇಳ್ತೀರೇನ್ರಿ? ಮನ್ಯಾಗ ಕೇಳಿದ್ರ ಹೇಳ್ಲಿಕ್ಕ ಬೇಕು.” ತಾನು ಏನು ಉತ್ತರ ಕೊಟ್ಟೆ? ಏನೋ ಕೊಟ್ಟಿರಬೇಕು. ಪಲ್ಯೆಯ ದರ ಕೇಳಿದ್ದೆನೇ? ಜನ ತಳ್ಳಿಕೊಂಡು ಹೋಗುತ್ತಿದ್ದರು, ಅವಳು ದಾರಿ ಬಿಡಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.

“ಕಮ್ಮಿ ಆತೇನ್ರಿ?” ಎಂದ ಸಾಯಬಣ್ಣ. “ಹತ್ತು ತಗೋರಿ ಹಂಗಾದ್ರ. ನಿಂತ್ರ ಏನು ಕೇಳಿದ್ರಿ, ಅಷ್ಟೇ. ನಿಮ್ಗೇನು ಲುಕ್ಸಾನಿಲ್ಲ.”

ಲುಕ್ಸಾನು ಇರಲಿಲ್ಲ. ಯಶೋಧರಾ ಹೂಂ ಅನ್ರಿ ಎಂದಿದ್ದಳು. ಸಂಜೆ ಮನೆಗೆ ಹೋಗಿ ಕೆಲಸ ಸಿಕ್ಕಿತು ಎನ್ನಬಹುದಿತ್ತು, ಅದರಲ್ಲಿ ಅರ್ಧ ನಿಜವೂ ಇರುತ್ತಿತ್ತು. ನಾಳೆ ಹನ್ನೊಂದಕ್ಕೆ ಅದೇ ಕೋಣೆ, ಅದೇ ಬನಿಯನ್ನು, ಖಾಲಿ ಗಾಳಿಯಲ್ಲಿ ಆಡುವ ಅದೇ ಕೈ. ಇಲ್ಲಿ, ಈ ಗೋಡೆಯ ಮೇಲೆ, ಗಾಜಿನ ಒಳಗೆ ಅವನು ಒಂಬತ್ತರಿಂದ ಎಂಟರ ತನಕ ಹಾಜರಿರುತ್ತಾನೆ. ಕಾಲು ನೋಯುತ್ತಿದ್ದವು. ಒಂದು ತಾಸು ನಿಂತದ್ದಕ್ಕೇ ಇಷ್ಟು ನೋಯುತ್ತವೆಂದು ಅವನು ತಿಳಿದಿರಲಿಲ್ಲ.

“ಒರಿಜಿನಲ್ ತಂದೀರೇನ್ರಿ, ಮನ್ಯಾಗ ಅದನೋ?”

“ತಂದೀನಿ.”

“ಕೊಡ್ರಿ ಮತ್ತ. ಅಳತಿ ತಗೊಂಡು ಫ್ರೇಮ್ ಹಾಕಸ್ತೇನಿ.”

“ಇಲ್ಲ.”

“ಕುಂತು ವಿಚಾರ ಮಾಡ್ರಿ. ಮನ್ಯಾಗ ಕೇಳಿ ನಾಳಿ ಹೇಳ್ರಿ. ಅವಸರಿಲ್ಲ.”

“ಇಲ್ರಿ” ಎಂದ ಆನಂದಕುಮಾರ. ಈ ಸಲ ದನಿ ಕೌಂಟರಿನ ಆಚೆಗೂ ಮುಟ್ಟಲಿಲ್ಲ. “ಕೊಡಂಗಿಲ್ಲ.”